ಬೆಂಕಿಪೊಟ್ಟಣ

ಬಿದ್ದ ಬಾಲ ಮೂರು ನಿಮಿಷ ಕುಣಿಯಿತು.
ಅಡುಗೆಮನೆಯ ಗಡಿಯಾರ ನೋಡುತ್ತಿದ್ದೆ,
ಬೇರೆ ಕಡೆ ನೋಡುವ ಧೈರ್ಯವಿರಲಿಲ್ಲ:
ಮುಚ್ಚಳ ಹಿಡಿದೇ ನಿಂತ ಹುಡುಗ,
ನೀರಿನ ಬಟ್ಟಲ ಹಿಂದೆ ನುಸುಳಿದ ಹಲ್ಲಿ,
ಇಬ್ಬರ ನಡುವೆ, ಯಾರದೂ ಅಲ್ಲದೆ,
ಮರಳಲ್ಲಿ ಹೊರಳುತ್ತಿದ್ದ ಆ ತುಂಡು.

ಪೊಂಚೆಕ್ ಅಂತ ಹೆಸರು ಅದಕ್ಕೆ,
ಜಾಮು ತುಂಬಿ ಕರಿಯುವ ಸಿಹಿ ಉಂಡೆಯ ಹೆಸರು.
ಹಳದಿ ಮೈ, ಕರಿ ಚುಕ್ಕೆ, ಹೆಬ್ಬೆರಳ ದಪ್ಪ ಬಾಲ.
ಬಾಲವೇ ಅದರ ಕಣಜ, ಅಂದಳು ವೈದ್ಯೆ,
ಬರಗಾಲಕ್ಕೆಂದು ಕೂಡಿಟ್ಟ ಕೊಬ್ಬೆಲ್ಲ ಅಲ್ಲಿ.
ಒಂದು ಪ್ಲಾಸ್ಟಿಕ್ ಮುಚ್ಚಳಕ್ಕೆ ಹೆದರಿ, ಪಾಪ,
ಕಣಜವನ್ನೇ ಎಸೆದು ಓಡಿದೆ.

ಮರಳು ತೆಗೆಯಿರಿ, ಬಿಳಿ ಕಾಗದ ಹಾಸಿ,
ದಿನಾ ಬದಲಿಸಿ. ಬೆಚ್ಚಗಿಡಿ. ಚೆನ್ನಾಗಿ ಉಣಿಸಿ.
ಮುಲಾಮು ಬೇಡ. ಮುಖ್ಯವಾಗಿ, ಮುಟ್ಟಬೇಡಿ.

ನಾನು ಕೊಳಾಯಿ ಕೆಲಸದವನು.
ಒಡೆದದ್ದನ್ನು ಮುಟ್ಟದೆ ರಿಪೇರಿ ಮಾಡುವ ವಿದ್ಯೆ
ಸುವಾಲ್ಕಿಯಲ್ಲಿ ಯಾರೂ ನನಗೆ ಕಲಿಸಿಲ್ಲ.
ಆದರೂ ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ
ಕಾಗದ ಬದಲಿಸಿ, ಚಿಮ್ಮಂಡೆಗಳಿಗೆ ಕ್ಯಾಲ್ಸಿಯಂ ಮೆತ್ತಿ
ಚಿಮಟದಲ್ಲಿ ಹಿಡಿದು ಕಾಯುತ್ತಿದ್ದೆ.
ಒಂದು ತಪ್ಪಿಸಿಕೊಂಡು ಫ್ರಿಜ್ಜಿನ ಹಿಂದೆ ಸೇರಿ
ಹದಿನೈದು ರಾತ್ರಿ ಹಾಡಿತು.
ಯಾಗ್ನಾ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದಳು.

ಹುಡುಗ ಮಾತ್ರ ಗಾಜಿನ ಕಡೆ ನೋಡುತ್ತಿರಲಿಲ್ಲ.
ಗ್ನೆವ್ಕೊ. ಒಂಬತ್ತು ವರ್ಷ. ಯಾಗ್ನಾಳ ಮಗ.
ನನ್ನನ್ನು 'ಪಾನ್ ಓಲ್ಗೆರ್ದ್' ಅನ್ನುತ್ತಾನೆ,
ಮೀಟರ್ ಓದಲು ಬಂದವರನ್ನು ಕರೆಯುವ ಹಾಗೆ.
ನಾನು ಈ ಮನೆಗೆ ಬಂದು ಎರಡು ವರ್ಷ,
ನನ್ನೆದುರು ಒಮ್ಮೆಯೂ ಬಾಲ ಬಿಚ್ಚಿದವನಲ್ಲ.
ಅಷ್ಟು ಮರ್ಯಾದೆ.
ಅಷ್ಟು ದೂರ.

ಒಂದು ದಿನ ಸ್ಪ್ಯಾನರು ಜಾರಿ ಬೆರಳು ಊದಿಕೊಂಡಿತು.
ಒತ್ತಲು ಬಟಾಣಿ ಪೊಟ್ಟಣ ಹುಡುಕಿದರೆ
ಫ್ರೀಜರಿನಲ್ಲಿ, ಪಿಯೆರೋಗಿ ಚೀಲದ ಹಿಂದೆ,
ಒಂದು ಬೆಂಕಿಪೊಟ್ಟಣ.
ಒಳಗೆ ಹತ್ತಿ. ಹತ್ತಿಯ ಮೇಲೆ, ಸುಕ್ಕಾಗಿ, ಬಾಲ.
ಚುಕ್ಕೆಗಳು ಹಾಗೇ ಇದ್ದವು.

ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.
'ನೀವು ಪೈಪು ಜೋಡಿಸುತ್ತೀರಲ್ಲ,' ಅಂದ.

ಇದಕ್ಕೆ ಬೇಕಾದ ಅಂಟು ನಮ್ಮೂರಲ್ಲಿ ಸಿಗಲ್ಲ ಅಂದೆ.
ಅಂದ ಮೇಲೆ ನಾಚಿಕೆಯಾಯಿತು.
'ಎಲ್ಲೂ ಸಿಗಲ್ಲ,' ಎಂದು ತಿದ್ದಿದೆ.
ತಲೆಯಾಡಿಸಿದ. ಪೊಟ್ಟಣ ಈಸಿಕೊಂಡ.
ಪಿಯೆರೋಗಿಯ ಹಿಂದೆ, ಅದೇ ಜಾಗದಲ್ಲಿ, ಇಟ್ಟ.

ಕ್ರಿಸ್ಮಸ್ ಹೊತ್ತಿಗೆ ಗಾಯದ ತುದಿಯಲ್ಲಿ
ಕರಿ ಮೊಳಕೆಯಂಥದ್ದು. ಆಮೇಲೆ ಉಬ್ಬಿತು,
ಟರ್ನಿಪ್ ಗೆಡ್ಡೆಯ ಹಾಗೆ, ನುಣ್ಣಗೆ,
ಚುಕ್ಕೆಯ ಲೆಕ್ಕ ಮರೆತು.
ಒಳಗೆ ಮೂಳೆ ಇರುವುದಿಲ್ಲವಂತೆ.
ಯಾಗ್ನಾ ನಕ್ಕಳು: ಈಗ ಹೆಸರಿಗೆ ಒಪ್ಪುತ್ತದೆ.
ಗ್ನೆವ್ಕೊ ಮೊದಲ ಸಲ ಬಂದು ಗಾಜಿಗೆ ಮೂಗು ಒತ್ತಿ ನೋಡಿದ,
ಏನೂ ಹೇಳಲಿಲ್ಲ.

ಫೆಬ್ರವರಿಯ ಒಂದು ರಾತ್ರಿ ತಂತಿಗೆ ಮಂಜು ಕಟ್ಟಿ
ಇಡೀ ಬಡಾವಣೆಯ ಕರೆಂಟು ಹೋಯಿತು.
ಹೊರಗೆ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ಗಾಜಿನೊಳಗಿನ ಮುಳ್ಳು ಮೂವತ್ತೆರಡರಿಂದ ಇಳಿಯತೊಡಗಿತು.
ಗ್ಯಾಸಿನಲ್ಲಿ ನೀರು ಕಾಯಿಸಿ, ಬಾಟಲಿಗೆ ತುಂಬಿ,
ನನ್ನ ಉಣ್ಣೆ ಕಾಲುಚೀಲ ತೊಡಿಸಿ ಪಕ್ಕಕ್ಕಿಟ್ಟೆ.
ಯಾಗ್ನಾ ತನ್ನ ರಜಾಯಿಯನ್ನೇ ಹೊದಿಸಿದಳು.
ಟಾರ್ಚು ಹಿಡಿಯಲಿ ಎಂದು ಹುಡುಗನನ್ನು ಕೂಗಿದರೆ
ಹುಡುಗ ಇಲ್ಲ.

ಬಾಲ್ಕನಿಯಲ್ಲಿದ್ದ. ಖಾಲಿ ಹೂಕುಂಡದ ಹಿಮ ತೋಡಿ
ಬೆಂಕಿಪೊಟ್ಟಣ ಇಳಿಸುತ್ತಿದ್ದ.
ಫ್ರೀಜರ್ ಕರಗುತ್ತೆ, ಅಂದ, ತಲೆಯೆತ್ತದೆ.

ಒಂದೇ ಪ್ರಾಣಿ.
ಒಳಗೆ ಅದನ್ನು ತಣ್ಣಗಾಗಲು ಬಿಡಬಾರದು,
ಹೊರಗೆ ಬೆಚ್ಚಗಾಗಲು.

ಮಂಡಿಯೂರಿ ನಾನೂ ಹಿಮ ಸುರಿದೆ.
ಕಾಗೆ ಒಯ್ಯದಿರಲೆಂದು ಮೇಲೊಂದು ಹಳೆಯ ನಲ್ಲಿ ಇಟ್ಟೆ.
'ಪಾನ್ ಓಲ್ಗೆರ್ದ್, ಗ್ಲೌಸು ಹಾಕಿಕೊಳ್ಳಿ,' ಅಂದ,
ಬರಿಗೈಯಲ್ಲಿ ಒತ್ತುತ್ತ, ಇನ್ನೂ ಒತ್ತುತ್ತ.