ಕಳೆದವರ ಗುಡಾರ

ಆಗಸ್ಟಿನ ಎರಡನೇ ಶನಿವಾರ, ಬಂದರಿನ ಹಬ್ಬ.
ಕಾರ್ನ್‌ವಾಲಿನ ಈ ಮೂಲೆಯಲ್ಲಿ ಬೇಸಿಗೆಯೆಂದರೆ
ಎರಡು ಮಳೆಗಳ ನಡುವಿನ ಗಲಾಟೆ. ಮೀನಂಗಡಿಯ ಪಾಸ್ಕೋ
ಬೆಳಗಿನಿಂದ ಮೂರು ಸಲ
ಬೆರಳು ಎಂಜಲು ಮಾಡಿ ಗಾಳಿಗೆ ಹಿಡಿದಿದ್ದಾನೆ.

ನನಗೆ ಎಂದಿನಂತೆ ಕಳೆದವರ ಗುಡಾರ:
ಒಂದು ಮೇಜು, ಎರಡು ಮಡಚುವ ಕುರ್ಚಿ, ಬಿಸ್ಕತ್ತಿನ ಡಬ್ಬಿ,
ರಿಜಿಸ್ಟರು, ಮೈಕು. ಅದರ ಸ್ಪಂಜಿನ ಮೇಲೆ
ಡೆನ್ಜಿಲನ ಹಲ್ಲಿನ ಗುರುತು. ಜೋರಾಗಿ ಕೂಗುವಾಗ
ಕಚ್ಚಿಯೇಬಿಡುತ್ತಿದ್ದ, ಜೋಳದ ತೆನೆಯ ಹಾಗೆ.
ಹೊಸದು ಕೊಳ್ಳೋಣವೆಂದು ಸಮಿತಿ ಹೇಳುತ್ತಲೇ ಇದೆ.
ನಾನು ಕೇಳಿಸಿಕೊಳ್ಳುತ್ತಲೇ ಇದ್ದೇನೆ.

ಹನ್ನೊಂದಕ್ಕೇ ಶುರು:
ಎಡಗಾಲಿನ ಚಪ್ಪಲಿ ಒಂದು, ಗಿಳಿಹಸಿರು.
ಹಲ್ಲುಸೆಟ್ಟು ಒಂದು, ಕೇಕಿನ ತುಂಡಿನಲ್ಲಿ ನಾಟಿಕೊಂಡದ್ದು.
ಯಾರೂ ಕೇಳಿಕೊಂಡು ಬರಲಿಲ್ಲ; ಬಾಯಿ ಮುಚ್ಚಿ ನಗುವವರನ್ನು
ಇಡೀ ದಿನ ಗಮನಿಸಿದೆ.
ಒಂದು ನಾಯಿ. ತನ್ನ ಪಾಡಿಗೆ ತಾನು ಬಂದು
ಮೇಜಿನಡಿ ಮಲಗಿತು.

ದಕ್ಕೆಯ ಕಟ್ಟೆಯುದ್ದಕ್ಕೂ ಮಕ್ಕಳು ಕಾಲು ಇಳಿಬಿಟ್ಟು,
ದಾರದ ತುದಿಗೆ ಹಂದಿಮಾಂಸದ ಚೂರು ಕಟ್ಟಿ. ಏಡಿ ಹಿಡಿಯುವ ಪಂದ್ಯ.
ಅಪ್ಪಂದಿರು ಸುಮ್ಮನೆ ನೋಡಬೇಕೆಂಬುದು ನಿಯಮ.
ಅಪ್ಪಂದಿರು ಹೊಟ್ಟೆಯಡಿಯಾಗಿ ಮಲಗಿ, ದಾರ ಕಸಿದುಕೊಂಡು,
'ಶ್, ಅಲ್ಲಾಡಬೇಡ' ಅನ್ನುತ್ತಾರೆ,
ಸಮುದ್ರಕ್ಕೆ.

ಎರಡು ಗಂಟೆಗೆ ಬಂದಳು ಕೆರೆನ್ಸಾ. ಏಳು ವರ್ಷ.
ಮೊಣಕೈಗೆ ಒಣಗಿದ ಐಸ್‌ಕ್ರೀಮು, ಕಣ್ಣಲ್ಲಿ ಒಂದು ಹನಿಯೂ ಇಲ್ಲ.
'ಕಳೆದುಹೋದೆಯಾ ಮಗೂ?' ಅಂದೆ, ಡಬ್ಬಿ ಚಾಚುತ್ತ.
ಎರಡು ಆರಿಸಿಕೊಂಡು ಹೇಳಿದಳು:
'ನಾನಿಲ್ಲೇ ಇದೀನಲ್ಲ. ಅಪ್ಪ ಕಳೆದುಹೋಗಿದಾರೆ.'

ರಿಜಿಸ್ಟರಿನಲ್ಲಿ ಇದಕ್ಕೆ ಅಂಕಣವಿಲ್ಲ.
ಮೈಕನ್ನೇ ಕೊಟ್ಟೆ.
ಕಂಬಕ್ಕೊಂದರಂತೆ ಕಟ್ಟಿದ ಸ್ಪೀಕರುಗಳಲ್ಲಿ
ಊರಿಗೆ ಊರೇ ಕೇಳಿತು:
'ನಮ್ಮಪ್ಪ ಕಾಣ್ತಿಲ್ಲ. ಹೆಸರು ಅಪ್ಪ.
ಗಡ್ಡ ಇದೆ, ಪೂರ್ತಿ ಇಲ್ಲ.
ಟೋಪಿ ಬೇಡ ಅಂದ್ರು, ಈಗ ತಲೆ ಕೆಂಪಗಿರುತ್ತೆ.
ಶನಿವಾರ ಮಾತ್ರ ನನ್ನ ಜೊತೆ ಇರ್ತಾರೆ, ಅಭ್ಯಾಸ ಸಾಲದು.
ಸಿಕ್ಕಿದ್ರೆ ಬೈಬೇಡಿ.'

ಹಿತ್ತಾಳೆ ವಾದ್ಯದವರು ಅರ್ಧ ಸ್ವರಕ್ಕೇ ನಿಂತರು.
ಆಮೇಲೆ ಒಬ್ಬೊಬ್ಬರಾಗಿ ಬಂದರು, ಸುಟ್ಟ ತಲೆಯ, ಅರೆಗಡ್ಡದ
ನಾಲ್ವರು ಗಂಡಸರು. 'ನಮ್ಮವಳಲ್ಲ ತಾನೆ?' ಎಂದು
ಗುಡಾರದೊಳಗೆ ಇಣುಕಿ ನೋಡಿ.
ಪ್ರದರ್ಶನದ ಕುಂಬಳಕ್ಕೆ ಅಂಕ ಕೊಡುವವಳ ಹಾಗೆ
ಮೇಲಿಂದ ಕೆಳಗೆ ನೋಡಿ 'ಇವರಲ್ಲ' ಅಂದಳು ಕೆರೆನ್ಸಾ.
ನಾಲ್ಕನೆಯವನ ಮುಖ ಯಾಕೋ ಕೊಂಚ ಬಾಡಿತು.

ಐದನೆಯವನು ಓಡಿ ಬಂದ. ಅಂಗಿಯ ಎದೆಯೆಲ್ಲ ಪಾಚಿ,
ಕೈಯಲ್ಲಿ ಬಕೆಟ್ಟು, ಬಕೆಟ್ಟಿನಲ್ಲಿ ಹತ್ತೊಂಬತ್ತು ಏಡಿ.
'ನಿನಗೇ ಹಿಡೀತಾ ಇದ್ದೆ ಕಣೇ, ತಿರುಗಿ ನೋಡ್ತೀನಿ...'
'ಗೊತ್ತು,' ಅಂದಳು. 'ನಾನು ನಿಮ್ಮ ಹಿಂದೇನೇ ಇದ್ದೆ.
ತುಂಬಾ ಹೊತ್ತು.'

ಎಲ್ಲಿ ನೋಡುವುದೆಂದು ತಿಳಿಯದೆ ನಾನು ನಾಯಿಯನ್ನು ನೋಡಿದೆ.
ಮೈಕು ಆರಿಸಿರಲಿಲ್ಲ.

ಕಟ್ಟೆಯ ಮೇಲೆ ಅಲ್ಲೊಬ್ಬ ಇಲ್ಲೊಬ್ಬ ಅಪ್ಪ ಎದ್ದು ಕೂತು,
ದಾರವನ್ನು ಚಿಕ್ಕ ಕೈಗಳಿಗೆ ಮರಳಿಸಿದ.
ಎಲ್ಲರೂ ಅಲ್ಲ. ಗ್ಯಾರೇಜಿನ ಟ್ರೆಗಿಯರ್ ಜಗ್ಗಲಿಲ್ಲ,
ಮೂವತ್ತೊಂದು ಹಿಡಿದ, ಕಪ್ಪೂ ಅವನಿಗೇ ಬಂತು,
ಮಗನ ಹೆಸರಿನಲ್ಲಿ. ಮಗ ಅಷ್ಟರಲ್ಲಿ ಮನೆಗೆ ಹೋಗಿದ್ದ.

ಐದಕ್ಕೆ ಉಬ್ಬರ. ಬಕೆಟ್ಟುಗಳನ್ನೆಲ್ಲ
ದೋಣಿಯ ಇಳಿಜಾರಿನಲ್ಲಿ ಬೋರಲು ಹಾಕಿದರು.
ಏಡಿಗಳು ಹೋದವು ಅಡ್ಡಡ್ಡ, ಒಂದರ ಮೇಲೊಂದು ಹತ್ತಿ,
ಎಣಿಸಿದವರನ್ನು ತಿರುಗಿಯೂ ನೋಡದೆ.
ಪಕ್ಕಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಇಬ್ಬರಿಗೆ
ಒಂದೇ ಟೋಪಿ. ಅದು ಸರದಿಯ ಮೇಲೆ
ತಲೆ ಬದಲಾಯಿಸುತ್ತಿತ್ತು.

ರಿಜಿಸ್ಟರಿನಲ್ಲಿ ಬರೆದಿದ್ದೇನೆ:
ಅಪ್ಪ, ಒಂದು. ಸ್ಥಿತಿ: ಒದ್ದೆ.
ಪಡೆದುಕೊಂಡವರ ಸಹಿ ಸೊಟ್ಟಗಿದೆ,
ಮೇಲೆ ಬಿಸ್ಕತ್ತಿನ ಪುಡಿ.

ಚಪ್ಪಲಿ ಉಳಿಯಿತು, ಹಲ್ಲೂ ಉಳಿಯಿತು.
ನಾಯಿಯ ಕೊರಳಪಟ್ಟಿಯಲ್ಲಿ ಇರುವುದು
ನನ್ನ ಪಕ್ಕದ ಮನೆಯ ನಂಬರು. ಬೆಳಗ್ಗೆಯೇ ನೋಡಿದ್ದೆ.
ಅವಸರವೇನಿಲ್ಲ. ಡಬ್ಬಿಯಲ್ಲಿ ಇನ್ನೂ ಎರಡಿವೆ.