ಉಸಿರಿನ ಉದ್ದರಿ

ತ್ಬಿಲಿಸಿಯ ವಾಕೆಯಲ್ಲಿ ಒಂದು ನೆಲಮಾಳಿಗೆ,
ಅದರೊಳಗೆ ನನ್ನ ರೊಟ್ಟಿಯಂಗಡಿ.
ಕಿಟಕಿ ಇರುವುದು ಫುಟ್‌ಪಾತಿನ ಮಟ್ಟಕ್ಕೆ.
ಮೂವತ್ತೊಂದು ವರ್ಷದಿಂದ ಈ ಊರನ್ನು
ಮೊಣಕಾಲಿನ ಕೆಳಗಷ್ಟೇ ಕಂಡವಳು ನಾನು.
ಹಿಮ್ಮಡಿ ಸವೆದ ಕಂದು ಬೂಟು ನಿಂತರೆ ಎರಡು ಶೋತಿ,
ಕೆಂಪು ಲೇಸು ನಿಂತರೆ ನಾಲ್ಕು, ಅದೂ ಉದ್ದರಿ.

ಪಾಲಿಕ್ಲಿನಿಕ್ಕಿನ ಡಾಕ್ಟರ್ ಲಮಾರಾ
ನನ್ನ ರಕ್ತದೊತ್ತಡ ನೋಡಿ ಬೈಯಲಿಲ್ಲ,
ಒಂದು ಹಾಳೆ ಕೊಟ್ಟರು. ಒಂಬತ್ತು ವಾರ.
ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸಲ.
ಒಂದೇ ನಿಮಿಷವೆ? ನಕ್ಕುಬಿಟ್ಟೆ.
ನಿಮಿಷಕ್ಕೆ ಆರು ರೊಟ್ಟಿ ಬಡಿಯುವವಳು ನಾನು,
ಉರಿವ ಟೋನೆಯೊಳಕ್ಕೆ ಸೊಂಟದವರೆಗೆ ಬಗ್ಗಿ.

ಮೊದಲ ದಿನ ಆಮೆಕೆರೆಯ ದಂಡೆ.
ಹೆಸರಷ್ಟೇ, ಆಮೆಯನ್ನು ನಾನಂತೂ ಕಂಡಿಲ್ಲ.
ಪೊಲೀಸರು ಬೆನ್ನಟ್ಟಿದ ಹಾಗೆ ಓಡಿದೆ.
ಇಪ್ಪತ್ತು ಸೆಕೆಂಡಿಗೆ ಪಕ್ಕೆ ಹಿಡಿಯಿತು,
ಮೂವತ್ತಕ್ಕೆ ಬಾಯಲ್ಲಿ ತಾಮ್ರದ ರುಚಿ,
ನಲವತ್ತಕ್ಕೆ ಬೆಂಚು.
ನಾಯಿ ಹಿಡಿದುಕೊಂಡ ಮುದುಕನೊಬ್ಬ ದಾಟಿ ಹೋದ.
ನಾಯಿ ತಿರುಗಿ ನೋಡಿತು, ಅವನು ನೋಡಲಿಲ್ಲ.
ಅವನ ಆ ಸೌಜನ್ಯಕ್ಕೇ ಹೆಚ್ಚು ನಾಚಿದೆ.

ಲಮಾರಾ ಕೇಳಿದರು, ಓಡುವಾಗ ಮಾತಾಡಲು ಬರುತ್ತದೆಯೆ?
ಯಾರ ಜತೆ ಆಡಲಿ ಡಾಕ್ಟರೆ?
ನಿಮ್ಮ ಜತೆಯೇ ಆಡಿ. ಮಾತು ಕಡಿದರೆ
ಕಾಲು ಅವಸರಪಟ್ಟಿದೆ ಎಂದೇ ಲೆಕ್ಕ.

ನನಗೆ ಬಾಯಿಪಾಠ ಇರುವುದು ಒಂದೇ, ಉದ್ದರಿ ಪುಸ್ತಕ.
ಒಪ್ಪಿಸುತ್ತ ಓಡಿದೆ:
ಮೂರನೇ ಮಹಡಿಯ ನೋದಾರ್, ಹನ್ನೊಂದು ಶೋತಿ,
ಪಿಯಾನೊ ಕಲಿಸುವ ಎತೇರಿ,
ಅಷ್ಟಕ್ಕೇ ತೇಕು.
ಎತೇರಿಯ ಬಾಕಿ ಗಾಳಿಯಲ್ಲೇ ನಿಂತಿತು.

ನಿಧಾನ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲವೆ?
ಹಿಟ್ಟನ್ನು ಅವಸರಪಡಿಸಿದವಳು
ಕಲ್ಲನ್ನೇ ಬೇಯಿಸಿ ಮಾರಬೇಕಾಗುತ್ತದೆ,
ಎಷ್ಟು ಹುಡುಗರಿಗೆ ಹೀಗೆ ಬೈದಿದ್ದೇನೆ!
ಹದ ಎಂಬುದು ಅಂಗೈಯಲ್ಲಿತ್ತು,
ಅಂಗಾಲಿಗೆ ಇಳಿಯಲು ಇಷ್ಟು ದಿನ.

ಹೆಜ್ಜೆ ಗಿಡ್ಡ ಮಾಡಿದೆ. ಇನ್ನೂ ಗಿಡ್ಡ.
ತಳ್ಳುಗಾಡಿಯ ಕೂಸೊಂದು ನನ್ನನ್ನು ಹಿಂದಿಕ್ಕಿತು, ಇಕ್ಕಲಿ.
ನಾಲ್ಕನೇ ವಾರವನ್ನು ಎರಡು ಸಲ ಓಡಿದೆ,
ಐದನೆಯದನ್ನು ಮೂರು ಸಲ.
ನಡುವೆ ಮೀನಖಂಡ ಹಿಡಿದುಕೊಂಡು ಹತ್ತು ದಿನ ಏನೂ ಇಲ್ಲ,
ಮತ್ತೆ ಮೂರಕ್ಕೇ ಇಳಿದೆ.
ಕ್ಯಾಲೆಂಡರಿನ ಒಂಬತ್ತು ವಾರ ಯಾವಾಗಲೋ ಮುಗಿದುಹೋಗಿತ್ತು.
ಹಿಟ್ಟಿನ ಡಬ್ಬಕ್ಕೆ ಅಂಟಿಸಿದ ಹಾಳೆಯಲ್ಲಿ
ನನ್ನ ಒದ್ದೆ ಹೆಬ್ಬೆರಳು ತಾಗಿ ಏಳನೆಯದು ಅಳಿಸಿಹೋಗಿದೆ,
ಆ ವಾರವನ್ನು ಊಹಿಸಿಕೊಂಡು ಓಡಿದೆ.

ಯಾವಾಗ ಆಯಿತೋ ತಿಳಿಯದು.
ನವೆಂಬರಿನ ಒಂದು ಮುಂಜಾನೆ, ನೋದಾರ್, ಎತೇರಿ ಆರು,
ಬೀಗದ ಅಂಗಡಿಯ ವಾಝಾ ಮೂರು,
ತೀರಿಕೊಂಡ ಬಾಗ್ರಾತ್,
ಹೊಡೆದುಹಾಕಲು ಮನಸ್ಸಾಗದ ಹದಿನಾಲ್ಕು,
ಪುಟ ತಿರುವಿದೆ, ಗಾಳಿಯಲ್ಲೇ, ಓಡುತ್ತಲೇ,
ಕೆಂಪು ಲೇಸಿನ ತೆಕ್ಲೆ, ಅವಳದೇ ಅರ್ಧ ಪುಟ...
ಕೆರೆಯ ಸುತ್ತು ಮುಗಿದಿತ್ತು,
ಬಾಕಿ ಮುಗಿದಿರಲಿಲ್ಲ.

ಇವತ್ತು ಕೆರೆಗೆ ಹೋಗಲಿಲ್ಲ, ಬೀದಿಯಲ್ಲೇ ಓಡಿದೆ,
ನನ್ನದೇ ಕಿಟಕಿಯ ಮುಂದೆ.
ಕೆಳಗಿಳಿದು ಏಪ್ರನ್ ಕಟ್ಟುವಾಗ ಕೆಲಸದ ಹುಡುಗ ಗೆಲಾ ಹೇಳಿದ:
ಯಾರೋ ಹೊಸಬರು, ಜುಜುನಾ ಅಕ್ಕಾ. ನೀಲಿ ಬೂಟು.
ಭಾರೀ ನಿಧಾನ. ಇಲ್ಲೇ ನಿಲ್ಲುತ್ತಾರೆ ಅಂತ
ಎರಡು ಶೋತಿ ತೆಗೆದಿಟ್ಟೆ.
ನಿಲ್ಲಲೇ ಇಲ್ಲ.

ಬೂಟನ್ನು ಮೂಟೆಯ ಹಿಂದಕ್ಕೆ ಸರಿಸಿದೆ.
ಇನ್ನೂ ಬಿಸಿಯಾಗಿತ್ತು ಶೋತಿ,
ಒಂದನ್ನು ಮುರಿದು ಅವನಿಗರ್ಧ ಕೊಟ್ಟೆ.