ಸೋಗಾನೆಯಲ್ಲಿ ಯಾರೂ ಕೂಗುವುದಿಲ್ಲ

ಮೊದಲು ಹೇಳುವುದು ಇದು:
ಇಲ್ಲಿ ಯಾರೂ ನಿಮ್ಮನ್ನು ಕೂಗಿ ಕರೆಯುವುದಿಲ್ಲ.
ಗೋಡೆಯ ಮೇಲೊಂದು ಬೋರ್ಡಿದೆ, ಅದನ್ನು ನೋಡುತ್ತಿರಬೇಕು.

ನಾನು ಹತ್ತೊಂಬತ್ತು ವರ್ಷ ಕೂಗಿದವನು,
ಶಿವಮೊಗ್ಗದ ಪ್ರೈವೇಟ್ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಬೆನ್ನು ಕೊಟ್ಟು
ಸಾಗರ ಸಾಗರ ಸಾಗರಾ, ತೀರ್ಥಳ್ಳಿ, ರೈಟ್,
ಒಂದೇ ಉಸಿರಿಗೆ ಮೂರು ತಾಲ್ಲೂಕು.
ಈಗ ನೀಲಿ ಕೋಟು, ಎದೆಗೆ ಫೋಟೋ,
ಟ್ರಾಲಿಗಳನ್ನು ಒಂದರೊಳಗೊಂದು ತೂರಿಸಿ ನಿಲ್ಲಿಸುವ ಕೆಲಸ.
ಗಂಟಲಿಗೆ ಕೆಲಸವಿಲ್ಲ. ಅದಕ್ಕೇ
ನಿಮಗಿಷ್ಟು ಹೇಳುತ್ತಿದ್ದೇನೆ, ಮೆಲ್ಲಗೆ.

ಪೇಟೆಯಿಂದ ಬರುವಾಗ ಆಟೋದವನು
ಖಾಲಿ ಮರಳುವುದನ್ನೂ ನಿಮ್ಮ ಲೆಕ್ಕಕ್ಕೇ ಬರೆಯುತ್ತಾನೆ,
ಹತ್ತುವ ಮೊದಲೇ ಮಾತಾಡಿ.
ಕಳಿಸಿಕೊಡಲು ಹತ್ತು ಜನ ಬಂದಿದ್ದರೆ
ಅಳುವುದೆಲ್ಲ ಬಾಗಿಲ ಹೊರಗೇ ಮುಗಿಯಲಿ,
ಒಳಗೆ ಟಿಕೇಟಿದ್ದವರಿಗಷ್ಟೇ ಜಾಗ.
ನೆಲ ಜಾರುವುದಿಲ್ಲ, ಹಾಗೆ ಕಾಣುತ್ತದೆ ಅಷ್ಟೆ.
ಚಪ್ಪಲಿ ಬಿಡಬೇಕಿಲ್ಲ. ಬಿಟ್ಟವರಿದ್ದಾರೆ;
ಎರಡು ಜೊತೆ ಇನ್ನೂ ನನ್ನ ಹತ್ತಿರವಿವೆ.
ಮೇಲಿಂದ ನೋಡಿದರೆ ಈ ಕಟ್ಟಡ ತಾವರೆಯಂತೆ.
ನೋಡಿದವರು ಬಂದು ಹೇಳಬೇಕು, ನಾನು ಕೆಳಗಿನವನು.

ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ವಿದ್ಯೆ
ಇಲ್ಲಿ ನಡೆಯುವುದಿಲ್ಲ.
ಅಪ್ಪೆಮಿಡಿಯ ಭರಣಿ ಕೈಚೀಲದಲ್ಲಿ ಬೇಡ,
ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಡಿ.
ಅಡಕತ್ತರಿ ಸೊಂಟದಲ್ಲಿದ್ದರೆ ಈಗಲೇ ನೆನಪಾಗಲಿ.
ಭದ್ರಾವತಿಯ ಒಬ್ಬರು, ಅದು ತೀರಿಕೊಂಡ ಹೆಂಡತಿಯದೆಂದು,
ಪ್ರಯಾಣವನ್ನೇ ಬಿಟ್ಟು
ಕತ್ತರಿ ಹಿಡಿದುಕೊಂಡು ಮನೆಗೆ ಹೋದರು.

ಮೋಡ ಕೂತರೆ ಕಾಯಬೇಕು.
ತಲೆಯ ಮೇಲೇ ಸದ್ದು ಕೇಳುತ್ತದೆ, ಏನೂ ಕಾಣುವುದಿಲ್ಲ,
ಎರಡು ಸುತ್ತು ಹಾಕಿ ವಾಪಸು ಹೋಗಿಬಿಡುತ್ತದೆ,
ಹೆಣ್ಣು ನೋಡಲು ಬಂದು ಅಂಗಳದಿಂದಲೇ ತಿರುಗಿದವರ ಹಾಗೆ.
ಕೌಂಟರಿನ ಜೆಸಿಂತಾಳನ್ನು ಬೈಯಬೇಡಿ.
ಮೋಡ ಅವಳ ಮಾತು ಕೇಳುವುದಿಲ್ಲ.

ಇನ್ನು, ಡೊಳ್ಳು ತರುವವರಿಗೆ.

ಕಳೆದ ಕಾರ್ತಿಕದಲ್ಲಿ ಆನಂದಪುರದ ಕಡೆಯಿಂದ
ಹೈದರಾಬಾದಿಗೆ ಕುಣಿಯಲು ಹೊರಟರು ಒಂಬತ್ತು ಹೆಂಗಸರು.
ಯಂತ್ರದ ಬಾಯಿ ಸಣ್ಣದು.
ಎಂಟು ಡೊಳ್ಳು ಓರೆಯಾಗಿ ಹೇಗೋ ನುಸುಳಿದವು.
ಗುತ್ಯಮ್ಮನದು ನಿಂತುಬಿಟ್ಟಿತು, ಅರ್ಧ ಒಳಗೆ ಅರ್ಧ ಹೊರಗೆ,
ಕೊಟ್ಟಿಗೆ ಬಾಗಿಲಲ್ಲಿ ಮನಸ್ಸು ಬದಲಿಸಿದ ಎಮ್ಮೆ.
ಪೊಲೀಸು ಫರ್ಜಾನಾ ಬಂದಳು. ಒಳಗೇನಿದೆ?
ಏನೂ ಇಲ್ಲವ್ವ.
ಏನೂ ಇಲ್ಲದ್ದಕ್ಕೆ ಇಷ್ಟು ಭಾರವಾ?
ಹೊನ್ನೆ ಮರ, ಟಗರಿನ ಚರ್ಮ. ಒಳಗೆ ಖಾಲಿ.
ಖಾಲಿ ಅಂತ ನಾನು ಹೇಗೆ ಬರೆಯಲಿ?

ಗುತ್ಯಮ್ಮ ಸ್ವಲ್ಪ ಹೊತ್ತು ಅವಳ ಮುಖ ನೋಡಿದಳು.
ಡೊಳ್ಳನ್ನು ಎಳೆದು ಹೆಗಲಿಗೆ ಏರಿಸಿ ಸೆರಗು ಬಿಗಿದಳು.
ಕೋಲು ಚೀಲದಲ್ಲಿತ್ತು, ಚೀಲ ಆಚೆ ದಾಟಿತ್ತು.
ಖಾಲಿ ಇದ್ರೇ ಹಿಂಗೆ ಕೇಳ್ಸೋದು ಅಂದವಳೇ
ಅಂಗೈಯಿಂದ ಒಂದು ಕೊಟ್ಟಳು.

ಗಾಜು ಅದುರಿತು.
ನನ್ನ ಟ್ರಾಲಿಗಳು ಸಾಲಿಗೆ ಸಾಲೇ ಝಣ್ ಎಂದವು.
ಫೋನಿನಲ್ಲಿ ಮುಳುಗಿದ್ದವರು ತಲೆ ಎತ್ತಿ
ಒಬ್ಬರನ್ನೊಬ್ಬರು ನೋಡಿಕೊಂಡರು, ಆ ದಿನ ಮೊದಲ ಸಲ.
ಫರ್ಜಾನಾ ಪುಸ್ತಕದಲ್ಲಿ ಬರೆದಳು: ಪರಿಶೀಲಿಸಲಾಗಿದೆ.
ಆಮೇಲೆ, ಪೆನ್ನು ಮುಚ್ಚದೆ, ಗಂಭೀರವಾಗಿ,
ಉಳಿದ ಎಂಟನ್ನೂ ಹೀಗೇ ನೋಡಬೇಕಾಗುತ್ತದೆ ಅಂದಳು.

ಎಂಟನ್ನೂ ನೋಡಿದರು.
ಏಳನೆಯದರ ಹೊತ್ತಿಗೆ ನನ್ನ ಗಂಟಲು ನನ್ನ ಮಾತು ಕೇಳಲಿಲ್ಲ:
ಹೈದ್ರಾಬಾದ್ ಹೈದ್ರಾಬಾದ್ ಹೈದ್ರಾಬಾದಾ, ರೈಟ್!
ಮರುದಿನ ಒಂದು ಮೆಮೊ ಬಂತು. ಇಟ್ಟುಕೊಂಡಿದ್ದೇನೆ.

ಗೇಟು ಇಪ್ಪತ್ತೈದು ನಿಮಿಷ ಮೊದಲೇ ಮುಚ್ಚುತ್ತದೆ.
ನೀರಿನ ನಲ್ಲಿ ತಪಾಸಣೆ ದಾಟಿದ ಮೇಲೆ, ಎಡಗಡೆ.
ಬಾಟಲಿ ಖಾಲಿ ತನ್ನಿ.